ಅಂಚು ಹಿಡಿದ ಬೆರಳು

“ತಾತ, ಕೈ ತೆಗೀರಿ,” ಎಂದಳು ಶಿರಾ ಗೇಟಿನಲ್ಲಿ ಹೊಸದಾಗಿ ಜೆರಾಕ್ಸ್ ಅಂಗಡಿ ತೆರೆದಿದ್ದ ಶಶಿರೇಖಾ.

ಚೌಡಪ್ಪ ತೆಗೆಯಲಿಲ್ಲ. ಗಾಜಿನ ಮೇಲೆ ಮಕಾಡೆ ಮಲಗಿದ್ದದ್ದು ಅವನ ಜಮೀನಿನ ಕ್ರಯಪತ್ರ. ಮುಚ್ಚಳ ಹಾಕಿದ ಮೇಲೆ ಒಳಗೊಳಗೇ ಅದಲು ಬದಲು ಮಾಡಿಬಿಟ್ಟರೆ? ಪತ್ರದ ಅಂಚನ್ನು ಬಿಗಿಯಾಗಿ ಹಿಡಿದೇ ನಿಂತ. ಹಸಿರು ಬೆಳಕೊಂದು ಅವನ ಬೆರಳುಗಳ ಅಡಿಯಲ್ಲಿ ಹಾದುಹೋಯಿತು.

ಬಿಸಿಬಿಸಿ ನಕಲು ಹೊರಬಂತು. ಪತ್ರದ ಜೊತೆಗೆ ಅವನ ನಾಲ್ಕು ಬೆರಳೂ ಉಗುರಿನ ಮಣ್ಣು ಸಮೇತ ಅಚ್ಚಾಗಿದ್ದವು.

“ನೋಡಿ, ಸರ್ವೆ ನಂಬರೇ ಮುಚ್ಚೋಗಿದೆ. ಕೈ ಬಿಡಿ, ಇನ್ನೊಂದ್ ತೆಗೆದ್ಕೊಡ್ತೀನಿ. ಅದಕ್ಕೆ ಕಾಸ್ ಬೇಡ.”

ಕಾಸು ಬೇಡ ಎಂದಿದ್ದೇ ತಡ, ಚೌಡಪ್ಪನ ಅನುಮಾನ ಗಟ್ಟಿಯಾಯಿತು.

“ಬ್ಯಾಡ ಬುಡವ್ವ,” ಎಂದು ನಕಲನ್ನು ಮಡಚಿ ಜೇಬಿಗಿಟ್ಟುಕೊಂಡ. “ಜಮೀನು ಯಾರ್ ಕೈಲೈತೆ ಅಂತ ತಾಲೂಕಾಫೀಸ್ನೋರೂ ನೋಡ್ಲಿ.”