ಹಸಿ ಅಕ್ಕಿ

ಸೊಸೆ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ ಎಂದು ಆಸ್ಪತ್ರೆಯಿಂದ ಸುದ್ದಿ ಬಂತು. ಹಿಂದೆಯೇ ಅವಳ ಶವವೂ ಬಂತು. ಜೊತೆಯಲ್ಲಿ ನರ್ಸಮ್ಮ ಬಂದಿದ್ದರು.

ಬಾಯಿಗೆ ಹಾಕಲು ಅಕ್ಕಿ ತರುವಂತೆ ಹಿರಿಯರು ಹೇಳಿದರು. ನಾನು ಉಗ್ರಾಣದ ಬೀಗ ತೆಗೆದು ಒಂದು ಹಿಡಿ ತಂದೆ. ಸೊಸೆಯ ತಾಯಿ ನನ್ನ ಕೈ ನೋಡಿದರು.

"ಬೀಗರ ಮನೆ ಅಂತ ಮಗಳನ್ನ ಕೊಟ್ಟೆ. ಬೀಗದ ಮನೆ ಆಯ್ತು."

ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ತುಪ್ಪ, ಬೆಲ್ಲಕ್ಕೆ ಬೀಗವಿರುತ್ತಿತ್ತು. ಸೊಸೆ ಬಸುರಿಯಾದ ಮೇಲೆ ನಾನು ಅಕ್ಕಿಗೂ ಹಾಕಿದ್ದೆ.

"ಹೊಟ್ಟೆಗಿಲ್ಲದೆ ಕೊಂದಿರಲ್ಲ, ಬೀಗಿತ್ತಿ."

"ಹಾಗನ್ನಬೇಡಿ. ಹಾಲು, ಅನ್ನ ಕೇಳಿದಷ್ಟು ಕೊಟ್ಟಿದೀನಿ. ಕದ್ದು ಕದ್ದು ಹಸಿ ಅಕ್ಕಿ ಮುಕ್ತಿದ್ಲು. ಬಸುರಿ ಅದನ್ನ ತಿಂದ್ರೆ ರಕ್ತ ಕೆಟ್ಟು ಬಿಳಿಚಿಕೊಳ್ತಾಳೆ ಅಂತಾರೆ. ಅದಕ್ಕೇ ಬೀಗ ಹಾಕಿದೆ. ದೇವರಾಣೆ."

ಬೀಗಿತ್ತಿ ಮಗಳ ಮುಖದತ್ತ ತಿರುಗಿದರು. ನರ್ಸಮ್ಮ ಮಾತ್ರ ನನ್ನ ಹತ್ತಿರ ಬಂದರು.

"ಎಷ್ಟನೇ ತಿಂಗಳಲ್ಲಿ ತಿಂತಿದ್ರು?"

"ಮೂರನೇ ತಿಂಗಳಿಂದ. ಬೀಗ ಹಾಕಿದ ಮೇಲೆ ನಿಂತು ಹೋಯ್ತು. ಚಟ ಬಿಡಿಸಿದೆ ಅಂದ್ಕೊಂಡೆ."

"ಚಟ ಅಲ್ಲಮ್ಮ ಅದು. ಅಕ್ಕಿ ತಿಂದು ರಕ್ತ ಕೆಡೋದಲ್ಲ. ಮೈಯಲ್ಲಿ ರಕ್ತ ಕಮ್ಮಿ ಆದವರೇ ಹಾಗೆ ಅಕ್ಕಿಗೆ ಹಂಬಲಿಸೋದು. ಆಗಲೇ ಒಂದು ಮಾತು ಹೇಳಿದ್ರೆ ಮಾತ್ರೆ ಕೊಡ್ತಿದ್ವಿ."

ನಾನು ಅವಳ ತುಟಿ ಬಿಡಿಸಿ ಅಕ್ಕಿ ಹಾಕಿದೆ.

ಶಿವನೇ, ನಿನ್ನ ಪಾದದಲ್ಲಿ ಅವಳ ಜೀವ ತಣ್ಣಗಿರಲಿ.