ಏಳು ನಿಮಿಷದ ಚುಕ್ಕೆ

ಮೇಸ್ತ್ರಿಯ ಫೋನಿನಲ್ಲಿ, ನೀರು ಬಿಡುವವರ ಜಾಡು ದಾಖಲಿಸುವ ಹೊಸ ಆ್ಯಪಿನೊಳಗೆ, ಹೋದ ತಿಂಗಳು ತೀರಿಕೊಂಡ ಅಣ್ಣನ ಓಡಾಟ ನೀಲಿ ಗೆರೆಯಾಗಿ ಮೂಡಿತು. ಅಣ್ಣ ಹಿಡಿದು ಸವೆದ ವಾಲ್ವ್ ಕೀಲಿ ತಮ್ಮನ ಹೆಗಲ ಮೇಲಿತ್ತು. ಬೀದಿಬೀದಿಗೆ ನೀರು ಬಿಡುವ ಆ ದಾರಿ ಇಂದಿನಿಂದ ಅವನದು. ಐದು ವರ್ಷ ತಾನು ಮುಖ ಕೊಟ್ಟು ಮಾತಾಡದ ಅಣ್ಣನ ಜಾಡು ಹಿಡಿದೇ ಇನ್ನು ನಡೆಯಬೇಕಿತ್ತು.

"ನಿಂತ ಜಾಗ, ನಿಂತ ಹೊತ್ತು ಎಲ್ಲಾ ತೋರಿಸುತ್ತಪ್ಪ ಈಗ," ಎಂದು ಮೇಸ್ತ್ರಿ ಬೆರಳಾಡಿಸಿದರು. "ಈ ಕೆಂಪು ಚುಕ್ಕೆ ನೋಡು, ದಿನಾ ಬೆಳಿಗ್ಗೆ ಏಳು ನಿಮಿಷ ನಿಂತಿದಾನೆ. ಅಲ್ಲಿ ವಾಲ್ವೇ ಇಲ್ವಲ್ಲ! ಆ್ಯಪೇ ಏನೋ ಎಡವಟ್ಟು ಮಾಡಿರ್ಬೇಕು. ಅಳಿಸಿಬಿಡ್ಲಾ?"

ತಮ್ಮ ಎರಡು ಬೆರಳಿಟ್ಟು ನಕ್ಷೆಯನ್ನು ಹಿಗ್ಗಿಸಿದ. ಚುಕ್ಕೆ ಅವನದೇ ಮನೆಯ ಮುಂದಿತ್ತು, ಗೇಟಿನಿಂದ ಒಂದು ಮಾರು ಆಚೆ.

"ಬೇಡ ಮೇಸ್ತ್ರೀ." ಅವನು ಕೀಲಿಯನ್ನು ಹೆಗಲಿಂದ ಇಳಿಸಿದ. "ನನ್ನ ಹೊಸ್ತಿಲು ತುಳೀಬೇಡ ಅಂದಿದ್ದೆ. ತುಳಿದಿಲ್ಲ ನೋಡಿ."