ಬೆಟ್ಟದ ಹೂವಿಗೆ ಗೊಬ್ಬರ

ಮೂರನೆಯ ಗಿಡವೂ ಕೊಳೆಯಿತು. ವೆರೀನಾ ಮೆಲ್ಲಗೆ ಎಳೆದು ನೋಡಿದರೆ ಬುಡವೇ ಕಿತ್ತು ಕೈಗೆ ಬಂತು.

ಹಸುಗಳು ಕೊರಳಗಂಟೆ ಬಾರಿಸುತ್ತ ಆಲ್ಪ್ಸ್ ಬೆಟ್ಟದ ಹುಲ್ಲುಗಾವಲಿಗೆ ಹತ್ತಿ ಹೋಗಿ ತಿಂಗಳಾಗಿತ್ತು. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನಲವತ್ತೊಂದು ಬೇಸಿಗೆ ಆ ಹಸುಗಳ ಮುಂದೆ ನಡೆದವನು ಅವಳ ಗಂಡ ಲೂಟ್ಸಿ. ಈ ಸಲ ಸೊಂಟ ಮುರಿದುಕೊಂಡು, ಊರುಗೋಲು ಹಿಡಿದು ಅಂಗಳದ ಬೆಂಚಿನ ಮೇಲೆ ಕೂತಿದ್ದ. ಇನ್ನು ಬೆಟ್ಟ ಹತ್ತುವ ಮಾತೇ ಬೇಡವೆಂದಿದ್ದರು ಡಾಕ್ಟರು. ಅವನಿಗೆ ಊಟ ಸೇರದು, ಮಾತು ಬೇಡ. ಆ ಬೆಟ್ಟದ ಮೇಲೆ ಅರಳುವ, ಸೇವಂತಿಗೆಯ ತಂಗಿಯಂಥ ನೇರಳೆ ಆಸ್ಟರ್ ಹೂವನ್ನಾದರೂ ಅವನ ಕಣ್ಣೆದುರು ಅರಳಿಸಿದರೆ ಜೀವ ತುಸು ನೆಲೆಗೆ ಬಂದೀತು ಎಂಬುದು ವೆರೀನಾಳ ಆಸೆ. ಪೇಟೆಯಲ್ಲಿ ಬೆಳೆದು ಬಂದವಳು. ಕೆಳಗೆ ಮನೆ, ಕೋಸು, ಆಲೂಗಡ್ಡೆ ನೋಡಿಕೊಂಡಿದ್ದವಳಿಗೆ ಬೆಟ್ಟದ ಗಿಡದ ಮರ್ಮ ಏನು ಗೊತ್ತು?

ನೆರೆಮನೆಯ ಉರ್ಸೀನಾ ಬೇಲಿಯಾಚೆಯಿಂದ ಇಣುಕಿದಳು.

"ಇದೇನೇ, ಮಣ್ಣು ಇಷ್ಟು ಕಪ್ಪಗಿದೆ?"

"ಹಸುವಿನ ಗೊಬ್ಬರ, ಉರ್ಸೀನಕ್ಕ. ಚೆನ್ನಾಗಿ ಕಳಿತದ್ದು. ದಿನಕ್ಕೆರಡು ಸಲ ನೀರೂ ಹಾಕ್ತೀನಿ."

"ಅಯ್ಯೋ ನಿನ್ನ! ಬಾಣಂತಿ ಆರೈಕೆ ಮಾಡಿದೀಯಲ್ಲೇ ಅದಕ್ಕೆ! ಬರೀ ಕಲ್ಲಲ್ಲಿ, ಅರೆಹೊಟ್ಟೇಲಿ ಬದುಕೋ ಜಾತಿ ಅದು. ಬೆಟ್ಟ ಹತ್ತಿದೋರಿಗೆಲ್ಲ ಗೊತ್ತು. ನಿನಗೆ ಈ ಬುದ್ಧಿ ಹೇಳಿಕೊಟ್ಟ ಪುಣ್ಯಾತ್ಮ ಯಾರು?"

ವೆರೀನಾ ಬೆಂಚಿನ ಕಡೆಗೆ ತಿರುಗಿದಳು. ಹೇಳಿಕೊಟ್ಟವನು ಹತ್ತು ಹೆಜ್ಜೆಯಾಚೆ ಕೂತಿದ್ದ. 'ಗೊಬ್ಬರ ಸಾಲದು, ಇನ್ನೊಂದು ಬುಟ್ಟಿ ಹಾಕು' ಎಂದು ನಿನ್ನೆಯೂ ಹೇಳಿದ್ದ. ತಿಂಗಳಿಂದ ಅವನು ತಾನಾಗಿ ಆಡಿದ ಮಾತೆಂದರೆ ಅದೊಂದೇ. ಆ ಖುಷಿಗೇ ಅವಳು ಓಡಿ ಓಡಿ ಹೊತ್ತು ಹಾಕಿದ್ದಳು.

ಮಣ್ಣುಗೈಯಲ್ಲೇ ಹೋಗಿ ಅವನೆದುರು ನಿಂತಳು. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕ್ರೀ ಹೀಗೆ ಮಾಡಿದ್ರಿ? ಬೆನ್ನು ಮುರಿಯೋ ಹಾಗೆ ಗೇಯ್ದೆನಲ್ಲ!"

ಲೂಟ್ಸಿ ಅವಳ ಮುಖ ನೋಡಲಿಲ್ಲ. ಊರುಗೋಲಿನ ತುದಿಯಿಂದ ನೆಲ ಕೆರೆಯುತ್ತ ಬೆಟ್ಟದ ಕಡೆಗೇ ನೋಡುತ್ತಿದ್ದ.

"ಅದು ಇಲ್ಲಿ ಬೇರೂರಿ ಹೂ ಬಿಟ್ರೆ, 'ನೋಡಿ, ಅದೇ ಒಗ್ಗಿಕೊಂಡಿತು, ನಿಮಗೇನು ಧಾಡಿ' ಅಂತೀಯಲ್ಲೇ," ಎಂದ.